ಸೈಕ್ಲೋನ್ ಗುಜರಾತಿಗಂತೆ, ಮುಂಬಯಿಗೆ ಎಂತ ಇಲ್ಲ ಅನ್ನುವವರಿಗೆ: ಅದು ಹುಟ್ಟುವುದು ಹೇಗೆ, ಬರುವಾಗ ನಾವು ಮಾಡ್ಬೇಕಾದ್ದೇನು

ಮೇ ತಿಂಗಳ ಸೆಕೆ ತಲೆಗೇರಿದ ಹೊತ್ತಿಗೆ ಒಮ್ಮೆ, ಮತ್ತೆ ಮಳೆಗಾಲ ಮುಗಿದು ದೀಪಾವಳಿ ಆಸುಪಾಸು ಇನ್ನೊಮ್ಮೆ, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಗಿರಗಿರ ತಿರುಗುವ ಬಿಳಿ ಮೋಡದ ಫೋಟೋ ಓಡಾಡ್ಲಿಕ್ಕೆ ಶುರುವಾಗ್ತದೆ. ಅರ್ಧ ಜನ ಅದನ್ನು ನೋಡಿ ಊರಿಗೆ ಫೋನ್ ಮಾಡಿ ಅಮ್ಮನನ್ನು ಹೆದರಿಸ್ತಾರೆ, ಇನ್ನರ್ಧ ಜನ "ಅದು ಗುಜರಾತಿಗೆ ಹೋಗುದು ಮಾರಾಯ್ರೇ, ನಮಗೆ ಎಂತ ಇಲ್ಲ" ಅಂತ ಹೇಳಿ ಬಾಲ್ಕನಿಯಲ್ಲಿ ಒಣಗಿಸಿದ ಬಟ್ಟೆ ಕೂಡ ತೆಗೆಯುವುದಿಲ್ಲ.

ಈ ಎರಡನೇ ಪಂಗಡದವರಿಗೆ 2021ರ ತೌಕ್ತೆ ಚಂಡಮಾರುತದ ನೆನಪು ಮಾಡ್ಬೇಕು. ಅದು ದಡಕ್ಕೆ ಅಪ್ಪಳಿಸಿದ್ದು ಮೇ 17ರ ರಾತ್ರಿ, ಗುಜರಾತಿನ ದೀವ್-ಊನಾ ಹತ್ರ. ಸರಿ. ಆದ್ರೆ ಅದೇ ದಿನ ಹಗಲು ಮುಂಬಯಿಯ ಪಶ್ಚಿಮಕ್ಕೆ ನೂರು-ನೂರೈವತ್ತು ಕಿಲೋಮೀಟರ್ ಆಚೆ ಸಮುದ್ರದಲ್ಲಿ ಹಾದು ಹೋಗುವಾಗಲೇ ಕೊಲಾಬಾದಲ್ಲಿ ಗಾಳಿ ಗಂಟೆಗೆ 108 ಕಿಲೋಮೀಟರ್ ಮುಟ್ಟಿತ್ತು, ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 200 ಮಿಲಿಮೀಟರ್ ಮೀರಿ ಮಳೆ, ಏರ್‌ಪೋರ್ಟ್ ಬಂದ್, ಸೀ ಲಿಂಕ್ ಬಂದ್. ಸಮುದ್ರದಲ್ಲಿ ಎಣ್ಣೆ ತೆಗೆಯುವ ಬಾಂಬೆ ಹೈ ಹತ್ರ ಪಿ-305 ಅನ್ನುವ ಬಾರ್ಜ್ ಮುಳುಗಿ ಎಷ್ಟೋ ಕೆಲಸದವರು ಸತ್ತರು. ದಡ ಸೇರುವ ಊರಿನ ಹೆಸರು ಟಿವಿಯವರಿಗೆ ಬೇಕಾದ್ದು. ನಮಗೆ ಬೇಕಾದ್ದು ಬೇರೆ: ನಮ್ಮಿಂದ ಎಷ್ಟು ದೂರದಲ್ಲಿ, ಎಷ್ಟು ಗಂಟೆಗೆ ಹಾಯ್ತದೆ, ಆ ಹೊತ್ತಿಗೆ ಸಮುದ್ರದಲ್ಲಿ ಭರತ ಉಂಟೋ ಇಳಿತವೋ. ಇಷ್ಟು ಗೊತ್ತಾದ್ರೆ ಮುಂದಿನ ಕೆಲಸ ಎಲ್ಲ ತಾನಾಗಿ ಸಾಲಿಗೆ ಬರ್ತದೆ.

ಮೊದಲು, ಇದು ಹುಟ್ಟುವುದು ಹೇಗೆ

ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಜಪಾನ್ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್, ಎಲ್ಲ ಒಂದೇ ಜಾತಿ. ಹುಟ್ಟುವ ಕ್ರಮವೂ ಒಂದೇ.

ಬೇಕಾದ ಮೊದಲ ಸಾಮಾನು ಬಿಸಿ ನೀರು. ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗೆ ಇರ್ಬೇಕು, ಅದೂ ಮೇಲ್ಪದರ ಮಾತ್ರ ಆದ್ರೆ ಸಾಲದು, ಐವತ್ತು ಮೀಟರಿನಷ್ಟು ಆಳದವರೆಗೂ ಹಾಗೆ ಇರ್ಬೇಕು, ಯಾಕಂದ್ರೆ ಗಾಳಿ ಜೋರಾದಾಗ ಸಮುದ್ರವನ್ನು ಕಲಕಿ ಕೆಳಗಿನ ತಣ್ಣನೆ ನೀರನ್ನು ಮೇಲೆ ತರ್ತದೆ, ಆಗ ಕೆಳಗೂ ಬಿಸಿ ಇಲ್ಲದಿದ್ರೆ ಚಂಡಮಾರುತ ತನ್ನ ಬೆಂಕಿಗೆ ತಾನೇ ನೀರು ಹಾಕಿಕೊಂಡ ಹಾಗೆ ಆಗ್ತದೆ. ಅರಬ್ಬಿ ಸಮುದ್ರ ಮೇ ತಿಂಗಳಲ್ಲಿ 29-30 ಡಿಗ್ರಿ ಇರ್ತದೆ, ಅಂದ್ರೆ ಸಾಮಾನು ರೆಡಿ.

ಆ ನೀರು ಆವಿಯಾಗಿ ಮೇಲೇರ್ತದೆ, ಮೇಲೆ ತಣ್ಣಗಾಗಿ ಮೋಡದ ಹನಿ ಆಗ್ತದೆ, ಹನಿ ಆಗುವಾಗ ಆವಿಯ ಒಳಗೆ ಅಡಗಿದ ಶಾಖ ಹೊರಗೆ ಬರ್ತದೆ. ಹೋಟೆಲಿನ ಅಡಿಗೆಮನೆಯವರಿಗೆ ಇದನ್ನು ವಿವರಿಸ್ಬೇಕಾಗಿಲ್ಲ, ಇಡ್ಲಿ ಸ್ಟೀಮರ್ ತೆಗೆಯುವಾಗ ಕೈಗೆ ತಾಗಿದ ಹಬೆ ಕುದಿನೀರಿಗಿಂತ ಜಾಸ್ತಿ ಸುಡುವುದೂ ಇದೇ ಕಾರಣಕ್ಕೆ, ಹಬೆ ಚರ್ಮದ ಮೇಲೆ ನೀರಾಗುವಾಗ ಅದೇ ಶಾಖವನ್ನು ಬಿಡ್ತದೆ. ಆಕಾಶದಲ್ಲಿ ಹೀಗೆ ಬಿಟ್ಟ ಶಾಖ ಸುತ್ತಲಿನ ಗಾಳಿಯನ್ನು ಇನ್ನೂ ಬೆಚ್ಚಗೆ ಮಾಡಿ ಇನ್ನೂ ಮೇಲೆ ಕಳಿಸ್ತದೆ, ಕೆಳಗೆ ಒತ್ತಡ ಕಮ್ಮಿ ಆಗ್ತದೆ, ಆ ಖಾಲಿ ತುಂಬ್ಲಿಕ್ಕೆ ಸುತ್ತಮುತ್ತಲಿಂದ ತೇವದ ಗಾಳಿ ನುಗ್ಗಿ ಬರ್ತದೆ, ಅದೂ ಮೇಲೇರ್ತದೆ. ನಿಲ್ಲಿಸುವವರು ಯಾರೂ ಇಲ್ಲದ ಚಕ್ರ.

ನೇರ ನುಗ್ಗಬೇಕಾದ ಗಾಳಿ ತಿರುಗುವುದು ಯಾಕೆ ಅಂದ್ರೆ ಭೂಮಿ ತಿರುಗುವುದರಿಂದ. ಉತ್ತರಾರ್ಧ ಗೋಳದಲ್ಲಿ ಚಲಿಸುವ ಗಾಳಿ ಬಲಕ್ಕೆ ಓರೆಯಾಗ್ತದೆ, ಹಾಗಾಗಿ ನಮ್ಮ ಸೈಕ್ಲೋನುಗಳು ಯಾವಾಗಲೂ ಅಪ್ರದಕ್ಷಿಣೆ ಸುತ್ತುವುದು. ಸಮಭಾಜಕದ ಹತ್ರ, ಸುಮಾರು 5 ಡಿಗ್ರಿ ಒಳಗೆ, ಈ ಓರೆ ತೀರಾ ಕಮ್ಮಿ, ಅಲ್ಲಿ ಎಷ್ಟು ಬಿಸಿ ಇದ್ದರೂ ಇವು ಹುಟ್ಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಇನ್ನೊಂದು ಶರತ್ತು ಉಂಟು, ಅದರಿಂದಲೇ ಜುಲೈ-ಆಗಸ್ಟಿನಲ್ಲಿ ನಾವು ಬದುಕಿಕೊಳ್ಳುವುದು. ಕೆಳಗಿನ ಗಾಳಿ ಮತ್ತು ಮೇಲಿನ ಗಾಳಿ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ವೇಗದಲ್ಲಿ ಬೀಸ್ತಾ ಇದ್ದರೆ ಮೋಡದ ಗೋಪುರ ನೆಟ್ಟಗೆ ನಿಲ್ಲುವುದಿಲ್ಲ, ವಾಲಿ ಹರಿದು ಹೋಗ್ತದೆ. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದಿಂದ ಜೆಟ್ ಗಾಳಿ, ಎರಡೂ ಜೋರು. ಹಾಗಾಗಿ ಅರಬ್ಬಿ ಸಮುದ್ರದ ಸೈಕ್ಲೋನ್ ಸೀಸನ್ ಎರಡು ತುಂಡು: ಮೇ-ಜೂನ್ ಒಂದು, ಅಕ್ಟೋಬರಿಂದ ಡಿಸೆಂಬರ್ ಇನ್ನೊಂದು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಬಿದ್ದದ್ದು ಉಂಟಲ್ಲ, ಅದು ಸೈಕ್ಲೋನ್ ಆಗಿರ್ಲಿಲ್ಲ, ಮುಂಗಾರು ಮಳೆಯೇ.

ನಡುವೆ ಕಣ್ಣು, ಅಲ್ಲಿ ಗಾಳಿ ಶಾಂತ. ಕಣ್ಣಿನ ಸುತ್ತ ಇರುವ ಮೋಡದ ಗೋಡೆಯಲ್ಲಿ ಗಾಳಿ ಎಲ್ಲಕ್ಕಿಂತ ಜೋರು. ನೆಲ ಹತ್ತಿದ ಮೇಲೆ ಆವಿ ಸಿಗುವುದಿಲ್ಲ, ಗುಡ್ಡ-ಮರ-ಕಟ್ಟಡ ತಡೀತವೆ, ಆಗ ಬಲ ಕುಂದ್ತದೆ, ಆದ್ರೆ ಮಳೆ ಕೂಡಲೇ ನಿಲ್ಲುವುದಿಲ್ಲ.

ಹೆಜ್ಜೆ 1: ಬುಲೆಟಿನ್ ಓದ್ಲಿಕ್ಕೆ ಕಲಿಯಿರಿ, ಫಾರ್ವರ್ಡ್ ಬಿಡಿ

ಹವಾಮಾನ ಇಲಾಖೆಯ ವೆಬ್‌ಸೈಟು, ಮೌಸಮ್ ಆಪ್, ಸಚೇತ್ ಆಪ್, ಇವಿಷ್ಟು ಸಾಕು. ಎಚ್ಚರಿಕೆ ಒಟ್ಟು ನಾಲ್ಕು ಹಂತದಲ್ಲಿ ಬರ್ತದೆ. ಕರಾವಳಿಗೆ ಕೆಟ್ಟ ಹವೆ ಶುರುವಾಗುವ 72 ಗಂಟೆ ಮೊದಲು ಪೂರ್ವಸೂಚನೆ, 48 ಗಂಟೆ ಮೊದಲು ಅಲರ್ಟ್, 24 ಗಂಟೆ ಮೊದಲು ವಾರ್ನಿಂಗ್, ದಡ ಸೇರುವ 12 ಗಂಟೆ ಮೊದಲು, ಸೇರಿದ ಮೇಲೆ ಒಳನಾಡಿನಲ್ಲಿ ಏನಾಗಬಹುದು ಅನ್ನುವ ಮುನ್ನೋಟ. ನಿಮ್ಮ ಕೆಲಸ ಎಲ್ಲ ಮುಗಿದಿರಬೇಕಾದ್ದು 24 ಗಂಟೆಯ ಹಂತಕ್ಕೆ ಮೊದಲೇ.

ಹೆಸರು ನೋಡಿ ಹೆದರುವುದು, ಹೆಸರಿಲ್ಲ ಅಂತ ಸುಮ್ಮನಿರುವುದು, ಎರಡೂ ಬೇಡ. ಗಾಳಿ ಗಂಟೆಗೆ 31 ಕಿಲೋಮೀಟರ್ ಆದಾಗ ಅದು ವಾಯುಭಾರ ಕುಸಿತ, 50 ಆದಾಗ ತೀವ್ರ ಕುಸಿತ, 62 ದಾಟಿದಾಗ ಸೈಕ್ಲೋನ್ ಆಗಿ ಹೆಸರು ಸಿಗ್ತದೆ. 89ರಿಂದ ಸಿವಿಯರ್, 118ರಿಂದ ವೆರಿ ಸಿವಿಯರ್ (ಅಮೆರಿಕದವರು ಹರಿಕೇನ್ ಅನ್ನುವುದು ಹೆಚ್ಚುಕಮ್ಮಿ ಇಲ್ಲಿಂದ), 167ರಿಂದ ಎಕ್ಸ್ಟ್ರೀಮ್ಲಿ ಸಿವಿಯರ್, 222 ದಾಟಿದರೆ ಸೂಪರ್ ಸೈಕ್ಲೋನ್. 2019ರ ಕ್ಯಾರ್ ಆ ಮಟ್ಟಕ್ಕೆ ಹೋಗಿತ್ತು, ಪುಣ್ಯಕ್ಕೆ ಸಮುದ್ರದಲ್ಲೇ ಉಳಿಯಿತು. ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ, ಗಾಳಿಯ ವೇಗ ಎರಡು ಪಟ್ಟು ಆದ್ರೆ ಅದು ನಿಮ್ಮ ಕಿಟಕಿಯನ್ನು ತಳ್ಳುವ ಬಲ ನಾಲ್ಕು ಪಟ್ಟು. 60ಕ್ಕೆ ಅಲುಗಾಡದ ಮಾಡಿನ ಪತ್ರ (ಶೀಟು) 120ಕ್ಕೆ ಹಾರುವುದು ಇದಕ್ಕೇ.

ದಾರಿ ತೋರಿಸುವ ಮ್ಯಾಪಿನಲ್ಲಿ ಮುಂದೆ ಮುಂದೆ ಅಗಲ ಆಗುವ ಒಂದು ಶಂಕು ಇರ್ತದೆ. ಅದು ಕೇಂದ್ರ ಎಲ್ಲೆಲ್ಲಿ ಇರಬಹುದು ಅಂತ ಹೇಳುವುದು ಮಾತ್ರ, ಗಾಳಿ-ಮಳೆ ಅದರ ಎಷ್ಟೋ ಹೊರಗೂ ಇರ್ತದೆ. ಮುಂಬಯಿ ಶಂಕುವಿನ ಹೊರಗೆ ಉಂಟು ಅಂತ ಖುಷಿ ಪಡುವವರು ತೌಕ್ತೆಯನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ಮ್ಯಾಪಿನಲ್ಲಿ ಟೈಮ್ ಯುಟಿಸಿ ಅಂತ ಇದ್ದರೆ ಐದೂವರೆ ಗಂಟೆ ಸೇರಿಸಿ.

ಮತ್ತೆ, ದಾರಿಯ ಯಾವ ಬದಿಯಲ್ಲಿ ನಾವಿದ್ದೇವೆ ಅಂತ ನೋಡಿ. ಚಂಡಮಾರುತ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ನಿಮ್ಮ ಬಲಬದಿ ಕೆಟ್ಟದ್ದು, ಅಲ್ಲಿ ಸುತ್ತುವ ಗಾಳಿಯೂ ಮುಂದೆ ಹೋಗುವ ವೇಗವೂ ಒಂದಕ್ಕೊಂದು ಕೂಡ್ತವೆ. 2020ರ ಜೂನ್ 3ಕ್ಕೆ ನಿಸರ್ಗ ಅನ್ನುವ ಚಂಡಮಾರುತ ಅಲಿಬಾಗಿನ ದಕ್ಷಿಣಕ್ಕೆ ದಡ ಹತ್ತಿ ಈಶಾನ್ಯಕ್ಕೆ ಹೋಯಿತು. ಬಲಕ್ಕೆ ಸಿಕ್ಕಿದ ಶ್ರೀವರ್ಧನ್, ದಿವೇಆಗರ್ ಕಡೆ ಅಡಿಕೆ-ತೆಂಗಿನ ತೋಟಗಳೇ ಮಲಗಿದವು, ಎಡಕ್ಕೆ ಸಿಕ್ಕಿದ ಮುಂಬಯಿ ಕಮ್ಮಿಯಲ್ಲಿ ಪಾರಾಯಿತು. ತೌಕ್ತೆ ಉತ್ತರಕ್ಕೆ ಹೋಗುವಾಗ ಮುಂಬಯಿ ಅದರ ಬಲಬದಿಯಲ್ಲಿ ಇತ್ತು. ಕೇಂದ್ರ ಹತ್ರ ಬಂದದ್ದು ನಿಸರ್ಗ, ಪೆಟ್ಟು ಕೊಟ್ಟದ್ದು ತೌಕ್ತೆ.

ಹೆಜ್ಜೆ 2: ಟೈಡ್ ಟೈಮಿಂಗ್ ಬರೆದಿಟ್ಟುಕೊಳ್ಳಿ

ಇದನ್ನು ಯಾರೂ ಮಾಡುವುದಿಲ್ಲ, ನನ್ನ ಪ್ರಕಾರ ಮುಂಬಯಿಲಿ ಎಲ್ಲಕ್ಕಿಂತ ಉಪಯೋಗದ್ದು ಇದೇ. ನಗರದ ಮಳೆನೀರು ಚರಂಡಿಗಳೆಲ್ಲ ಸಮುದ್ರಕ್ಕೋ ಖಾಡಿಗೋ (ಊರೊಳಗೆ ಚಾಚಿದ ಸಮುದ್ರದ ಹಿನ್ನೀರು) ಬೀಳುವಂಥವು. ಭರತ ನಾಲ್ಕೂವರೆ ಮೀಟರ್ ಆಸುಪಾಸು ಇರುವಾಗ ಸಮುದ್ರವೇ ಚರಂಡಿಯ ಬಾಯಿಗಿಂತ ಮೇಲೆ ಇರ್ತದೆ, ಗೇಟು ಮುಚ್ಚಿ ಪಂಪಿನಲ್ಲಿ ಎತ್ತಿ ಹಾಕ್ಬೇಕು. ಹಾಜಿ ಅಲಿ, ಲವ್ ಗ್ರೋವ್, ಇರ್ಲಾ ಮುಂತಾದ ಕಡೆ ಪಂಪಿಂಗ್ ಸ್ಟೇಷನ್ ಇರುವುದು ಇದಕ್ಕೆ. ಅದರ ಮೇಲೆ ಸೈಕ್ಲೋನ್ ಬಂದ್ರೆ ಎರಡು ವಿಷಯ ಕೂಡ್ತದೆ. ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರ್ತದೆ, ಅದು ಸಣ್ಣ ಪಾಲು. ದೊಡ್ಡ ಪಾಲು ಗಾಳಿ ನೀರನ್ನು ದಡಕ್ಕೆ ದೂಡುವುದು.

ಹಾಗಾಗಿ ಬಿಎಂಸಿ (ಮುಂಬಯಿ ನಗರಪಾಲಿಕೆ) ಕೊಡುವ ಹೈ ಟೈಡ್ ಪಟ್ಟಿ ತೆಗೆದು ಆ ಎರಡು ದಿನದ ಟೈಮ್ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಭರತ-ಇಳಿತದ ನಡುವೆ ಆರು ಗಂಟೆ ಚಿಲ್ಲರೆ ಇರ್ತದೆ. ಹೈ ಟೈಡಿನ ಎರಡು ಗಂಟೆ ಹಿಂದೆ, ಎರಡು ಗಂಟೆ ಮುಂದೆ ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ, ಕುರ್ಲಾ-ಸಾಯನ್ ಕಡೆ ಹೋಗುವ ಪ್ಲಾನೇ ಬೇಡ. ಕೆಲಸದಿಂದ ಬೇಗ ಬಿಡ್ತಾರೆ ಅಂತ ಆದ್ರೆ ಆ ನಾಲ್ಕು ಗಂಟೆಗೆ ಮೊದಲು ಹೊರಡಿ, ಇಲ್ಲದಿದ್ರೆ ಆಫೀಸಿನಲ್ಲೇ ಕೂತುಬಿಡಿ. ನಡುದಾರಿಯಲ್ಲಿ ಲೋಕಲ್ ನಿಂತು ಹಳಿಯ ನೀರಿಗೆ ಇಳಿಯುವುದಕ್ಕಿಂತ ಆಫೀಸಿನ ಕುರ್ಚಿ ಒಳ್ಳೆದು.

ಹೆಜ್ಜೆ 3: ನಿಮ್ಮ ಮನೆ ಯಾವ ಜಾತಿಯದ್ದು ಅಂತ ನೋಡಿ

ಪತ್ರದ ಮಾಡು ಇರುವ ಮನೆ, ಗುಡ್ಡದ ಬುಡದ ಮನೆ, ಖಾಡಿ ಬದಿ ಮನೆ, ಇವುಗಳಲ್ಲಿ ಉಳಿಯುವುದೇ ಬೇಡ. ಮಾಡಿನ ಮೇಲೆ ಕಲ್ಲು, ಟೈರು ಇಡುವ ಕ್ರಮ ಉಂಟಲ್ಲ, ಜೋರು ಗಾಳಿಗೆ ಆ ಕಲ್ಲೇ ಪಕ್ಕದ ಮನೆಯವನ ತಲೆಗೆ. ಬಿಎಂಸಿ ಶಾಲೆಗೆ ಹೋಗಿ ಅಂತ ಹೇಳಿದರೆ ಹೋಗಿ, ನಾಚಿಕೆ ಎಂತದ್ದು. ಮನೆ ಬಿಡುವಾಗ ಮೇನ್ ಸ್ವಿಚ್ ಆಫ್, ಗ್ಯಾಸ್ ರೆಗ್ಯುಲೇಟರ್ ಆಫ್, ಆಧಾರ್-ರೇಷನ್ ಕಾರ್ಡು-ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈಗೆ ಹತ್ರ.

ಹಳೆ ಬಿಲ್ಡಿಂಗ್ ಆದ್ರೆ ಪ್ರತಿ ಮಳೆಗಾಲದ ಮೊದಲು ಮ್ಹಾಡಾದವರು (ಸರಕಾರದ ವಸತಿ ಮಂಡಳಿ), ಬಿಎಂಸಿಯವರು ಅಪಾಯದ ಕಟ್ಟಡಗಳ ಪಟ್ಟಿ ಹಾಕ್ತಾರೆ, ಅದರಲ್ಲಿ ನಿಮ್ಮ ಬಿಲ್ಡಿಂಗಿನ ಹೆಸರು ಉಂಟಾ ನೋಡಿ. ಸಿ-1 (ತೀರಾ ಅಪಾಯದ್ದು) ಅಂತ ಬಂದಿದ್ದರೆ ಚಂಡಮಾರುತ ಬರುವ ಮೊದಲೇ ಡೊಂಬಿವಿಲಿಯಲ್ಲೋ ಬೇರೆಲ್ಲೋ ಇರುವ ನೆಂಟರ ಮನೆಗೆ ನಡೆಯಿರಿ, ಬಾಡಿಗೆ ಜಗಳ ಆಮೇಲೆ ನೋಡಿಕೊಳ್ಳುವ.

ಟವರ್‌ನವರಿಗೆ ತಾವು ಸೇಫ್ ಅಂತ ಒಂದು ಧೈರ್ಯ. ಗೋಡೆ ಸೇಫ್, ನಿಜ. ಆದ್ರೆ ಮೇಲೆ ಹೋದ ಹಾಗೆ ಗಾಳಿ ಜಾಸ್ತಿ, ಆ ದೊಡ್ಡ ದೊಡ್ಡ ಸ್ಲೈಡಿಂಗ್ ಗಾಜುಗಳೇ ವೀಕ್ ಪಾಯಿಂಟ್. ಬಾಲ್ಕನಿಯ ತುಳಸಿ ಕುಂಡ, ಏಣಿ, ಮಕ್ಕಳ ಸೈಕಲ್, ಬಟ್ಟೆ ಸ್ಟ್ಯಾಂಡ್ ಎಲ್ಲ ಒಳಗೆ ತನ್ನಿ, ಹದಿನೈದನೇ ಮಾಳಿಗೆಯಿಂದ ಬಿದ್ದ ಕುಂಡ ಕೆಳಗಿನ ವಾಚ್‌ಮನ್ನನಿಗೆ ಬಾಂಬೇ. ಕಿಟಕಿಯ ಲಾಕ್, ಟ್ರ್ಯಾಕಿನ ರಬ್ಬರ್ ನೋಡಿ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದರಿಂದ ಗಾಜಿಗೆ ಬಲ ಬರುವುದಿಲ್ಲ, ಆ ಹೊತ್ತನ್ನು ದಪ್ಪ ಪರದೆ ಎಳೆದು ಸೋಫಾ-ಮಂಚ ದೂರ ಸರಿಸ್ಲಿಕ್ಕೆ ಉಪಯೋಗಿಸಿ. ಒತ್ತಡ ಸಮ ಆಗ್ಲಿ ಅಂತ ಒಂದು ಕಿಟಕಿ ತೆರೆದಿಡಬೇಕು ಅನ್ನುವ ಮಾತೊಂದು ತಿರುಗ್ತಾ ಉಂಟು, ಕೇಳ್ಬೇಡಿ, ಒಳಗೆ ನುಗ್ಗಿದ ಗಾಳಿ ಉಳಿದ ಕಿಟಕಿಗಳನ್ನು ಒಳಗಿಂದ ದೂಡ್ತದೆ. ಎಲ್ಲ ಮುಚ್ಚಿ.

ಸೊಸೈಟಿ ಮೀಟಿಂಗಿನಲ್ಲಿ ಕೇಳ್ಬೇಕಾದ್ದು: ಟೆರೇಸಿನ ಸೋಲಾರ್ ಪ್ಯಾನೆಲ್, ಡಿಶ್, ನೀರಿನ ಟ್ಯಾಂಕಿನ ಮುಚ್ಚಳ ಗಟ್ಟಿ ಉಂಟಾ, ಟೆರೇಸಿನ ನೀರು ಹೋಗುವ ಪೈಪಿನಲ್ಲಿ ಎಲೆ ತುಂಬಿದೆಯಾ, ಮೀಟರ್ ರೂಮ್ ನೆಲಮಟ್ಟದಲ್ಲಿದ್ದರೆ ನೀರು ಬಂದಾಗ ಸಪ್ಲೈ ಬಂದ್ ಮಾಡುವವ ಯಾರು, ಬೇಸ್‌ಮೆಂಟಿನ ಕಾರುಗಳನ್ನು ಮೇಲೆ ತರುವುದು ಯಾವಾಗ. ಓವರ್‌ಹೆಡ್ ಟ್ಯಾಂಕ್ ಹಿಂದಿನ ದಿನವೇ ತುಂಬಿಸಿ, ಕರೆಂಟ್ ಹೋದ ಮೇಲೆ ಪಂಪೂ ಇಲ್ಲ. ಮರದ ಗೆಲ್ಲು ಕಡಿಸ್ಲಿಕ್ಕೆ ಬಿಎಂಸಿಯ ಪರ್ಮಿಷನ್ ಬೇಕು, ನಿಮ್ಮ ಕಂಪೌಂಡಿನ ಒಳಗಿನ ಮರ ಆದ್ರೂ, ಹಾಗಾಗಿ ಆ ಅರ್ಜಿ ಏಪ್ರಿಲಿನಲ್ಲೇ ಹೋಗ್ಬೇಕು. ಸೈಕ್ಲೋನ್ ಸುದ್ದಿ ಬಂದ ದಿನ ಫೋನ್ ಮಾಡಿದರೆ ನಿಮ್ಮ ಮುಂದೆ ಕ್ಯೂ ಎಷ್ಟು ಉದ್ದ ಇರಬಹುದು ನೀವೇ ಯೋಚಿಸಿ.

ಹೆಜ್ಜೆ 4: ಸಾಮಾನು

ಇದು ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸ್ತೇನೆ. ಮೂರು ದಿನದ ಕುಡಿಯುವ ನೀರು, ಬೇಯಿಸದೆ ತಿನ್ನುವಂಥದ್ದು (ಅವಲಕ್ಕಿ ಉಂಟಲ್ಲ), ಬಿಪಿ-ಶುಗರ್ ಮಾತ್ರೆ, ಟಾರ್ಚು, ತುಂಬಿದ ಪವರ್ ಬ್ಯಾಂಕು. ಮೇಣದ ಬತ್ತಿ ಬೇಡ. ಕೈಯಲ್ಲಿ ಸ್ವಲ್ಪ ನೋಟು ಇರ್ಲಿ, ನೆಟ್‌ವರ್ಕ್ ಹೋದ್ರೆ ಜಿಪೇ ಇಲ್ಲ, ಫೋನ್‌ಪೇ ಇಲ್ಲ. 112, ಆಂಬುಲೆನ್ಸ್ 108, ಬಿಎಂಸಿ ಕಂಟ್ರೋಲ್ ರೂಮ್ 1916, ಮತ್ತೆ ನಿಮ್ಮ ಕರೆಂಟ್ ಬಿಲ್ಲಿನ ಮೇಲಿರುವ ಕಂಪ್ಲೇಂಟ್ ನಂಬರ್, ಇವನ್ನು ಕಾಗದದಲ್ಲಿ ಬರೆದಿಡಿ.

ಹೆಜ್ಜೆ 5: ಹೋಟೆಲಿನವರಿಗೆ ಬೇರೆಯೇ ಹೇಳ್ಬೇಕು

ಶೆಟ್ರೇ, ಪೂಜಾರ್ರೇ, ಭಟ್ರೇ, ಇದು ನಿಮಗೆ. ಹೊರಗೆ ಕಟ್ಟಿದ ಮಾನ್ಸೂನ್ ಶೆಡ್ಡಿನ ತಾಡಪತ್ರಿ ಗಾಳಿಯನ್ನು ಹಿಡಿದು ಕಂಬ ಸಮೇತ ಎಳೀತದೆ, ಬಿಚ್ಚಿಸಿ. ಬೋರ್ಡು ಎಷ್ಟು ಹಳೇದು, ಬೋಲ್ಟಿಗೆ ತುಕ್ಕು ಹಿಡಿದಿದೆಯಾ ಅಂತ ಏಣಿ ಹಾಕಿ ನೋಡಿಸಿ. 2024ರ ಮೇ 13ಕ್ಕೆ ಘಾಟ್‌ಕೋಪರ್‌ನ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಹೋದರಲ್ಲ, ಅವತ್ತು ಬಂದದ್ದು ಸೈಕ್ಲೋನೇ ಅಲ್ಲ, ಬರೇ ಧೂಳುಗಾಳಿ. ಹಿಂದಿನ ಗೋಡೆಗೆ ಹತ್ತಿಸಿದ ಚಿಮಣಿಯ ಡಕ್ಟ್ ಕೂಡ ನೋಡಿ. ಸಿಲಿಂಡರುಗಳ ವಾಲ್ವ್ ಮುಚ್ಚಿ ನಿಲ್ಲಿಸಿ ಚೈನ್ ಹಾಕಿ, ನೀರಿನಲ್ಲಿ ಖಾಲಿ ಸಿಲಿಂಡರ್ ತೇಲಿಕೊಂಡು ಹೋಗ್ತದೆ. ಆ ದಿನ ಅಕ್ಕಿ-ಉದ್ದು ನೆನೆ ಹಾಕುವುದು ಕಮ್ಮಿ ಮಾಡಿ, ಗಿರಾಕಿ ಇಲ್ಲ, ಕರೆಂಟ್ ಇಲ್ಲ, ಹಿಟ್ಟು ಹುಳಿ ಬಂದು ಹೋಗ್ತದೆ. ಜನರೇಟರ್ ಶಟರ್ ಎಳೆದು ಒಳಗೆ ಓಡಿಸ್ಲೇಬೇಡಿ, ಅದರ ಹೊಗೆಗೆ ಮಲಗಿದವರು ಏಳುವುದಿಲ್ಲ. ಮತ್ತೆ ಹುಡುಗರು: ಅಂಗಡಿಯೊಳಗೆ ಅಟ್ಟದಲ್ಲಿ ಮಲಗುವವರು, ಫುಟ್‌ಪಾತ್ ಬದಿ ಮಲಗುವವರು, ಅವರ ಆ ರಾತ್ರಿಯ ಜಾಗ ಹಗಲೇ ನಿಶ್ಚಯ ಮಾಡಿ. ಊರಿನಲ್ಲಿ ಅವರ ಅಪ್ಪ-ಅಮ್ಮ ನಿಮ್ಮ ಮೇಲೆ ಧೈರ್ಯ ಇಟ್ಟು ಕಳಿಸಿದ್ದು.

ಹೆಜ್ಜೆ 6: ಗಾಳಿ ಶುರುವಾದ ಮೇಲೆ

ಒಳಗೆ ಇರಿ. ಒನ್ ಬಿಎಚ್‌ಕೆಯಲ್ಲಿ ಗಟ್ಟಿ ಜಾಗ ಅಂದ್ರೆ ಹೊರಗೋಡೆ ತಾಗದ ಪ್ಯಾಸೇಜ್, ಬಾತ್‌ರೂಮ್. ಲಿಫ್ಟ್ ಬೇಡ. ವರ್ಲಿ ಸೀ ಫೇಸ್, ಮರೀನ್ ಡ್ರೈವ್, ಬ್ಯಾಂಡ್‌ಸ್ಟ್ಯಾಂಡಿಗೆ ಅಲೆ ನೋಡ್ಲಿಕ್ಕೆ, ರೀಲ್ಸ್ ಮಾಡ್ಲಿಕ್ಕೆ ಹೋಗುವವರಿಗೆ ಹೇಳಿ ಪ್ರಯೋಜನ ಇಲ್ಲ ಅಂತ ಗೊತ್ತು, ಆದ್ರೂ ಹೇಳ್ತೇನೆ, ಹೋಗ್ಬೇಡಿ. ಮರದ ಕೆಳಗೆ ಗಾಡಿ ನಿಲ್ಲಿಸ್ಬೇಡಿ. ಮುಂಬಯಿಯಲ್ಲಿ ಗಾಳಿಗೆ ಜನ ಸಾಯುವುದು ಹೆಚ್ಚಾಗಿ ಬೀಳುವ ವಸ್ತುಗಳಿಂದ, ಮರ, ಗೋಡೆ, ಪತ್ರ, ಬೋರ್ಡು.

ಚಂಡಮಾರುತ ಎಲ್ಲಿ ಉಂಟು ಅಂತ ನೆಟ್ ಇಲ್ಲದೆ ಗೊತ್ತು ಮಾಡ್ಲಿಕ್ಕೆ ಹಡಗಿನವರ ಒಂದು ಉಪಾಯ ಇದೆ. ಗಾಳಿಗೆ ಬೆನ್ನು ಮಾಡಿ ನಿಂತರೆ ಕೇಂದ್ರ ಸುಮಾರಾಗಿ ನಿಮ್ಮ ಎಡಗೈ ಕಡೆ. ಸಮುದ್ರದಲ್ಲಿ ನಮ್ಮ ಪಶ್ಚಿಮಕ್ಕೆ ದಕ್ಷಿಣದಿಂದ ಉತ್ತರಕ್ಕೆ ಹಾಯುವ ಚಂಡಮಾರುತ ಆದ್ರೆ ಗಾಳಿ ಮೊದಲು ಆಗ್ನೇಯದಿಂದ, ಆಮೇಲೆ ದಕ್ಷಿಣದಿಂದ, ಕೊನೆಗೆ ನೈಋತ್ಯದಿಂದ ಬರ್ತದೆ. ಕಟ್ಟಡಗಳ ಸಂದಿಯಲ್ಲಿ ಇದು ಅಷ್ಟು ಸರಿ ಕಾಣುವುದಿಲ್ಲ, ಮೋಡ ಓಡುವುದನ್ನು ನೋಡಿ. ಇದರ ಅರ್ಥ ಎಂತ ಅಂದ್ರೆ, ಕೇಂದ್ರ ನಮ್ಮನ್ನು ದಾಟಿದ ಮೇಲೆಯೇ ಸಮುದ್ರದ ಕಡೆಯ ಕಿಟಕಿಗಳಿಗೆ ನೇರ ಪೆಟ್ಟು, ನೀರನ್ನು ದಡಕ್ಕೆ ದೂಡುವುದೂ ಆಗಲೇ. "ಹೋಯ್ತಂತೆ, ಪಾಲ್ಘರ್ ದಾಟಿತಂತೆ" ಅಂತ ಕಿಟಕಿ ತೆಗೀಬೇಡಿ.

ಒಂದು ವೇಳೆ ಕೇಂದ್ರವೇ ತಲೆ ಮೇಲೆ ಬಂದ್ರೆ ಗಾಳಿ ಸಡನ್ ನಿಲ್ತದೆ, ಬಿಸಿಲು ಸಹ ಬರಬಹುದು. ಅದು ಕಣ್ಣು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಮತ್ತೆ ಶುರು, ಮೊದಲ ಸಲ ಸಡಿಲ ಆದದ್ದು ಈ ಸಲ ಬೀಳ್ತದೆ. ಇಲಾಖೆ ಹೇಳುವ ತನಕ ಹೊರಗೆ ಕಾಲಿಡಬೇಡಿ.

ಗೋವಾ, ಪುಣೆ, ಊರಿಗೆ ಹೊರಟವರು

ತೌಕ್ತೆ ಗೋವಾ ಹತ್ರ ಬಂದದ್ದು ಮೇ 16ಕ್ಕೆ, ಮರಗಳು ತಂತಿ ಮೇಲೆ ಬಿದ್ದು ಎಷ್ಟೋ ಕಡೆ ದಿನಗಟ್ಟಲೆ ಕರೆಂಟಿಲ್ಲ. ವಾಸ್ಕೋ, ಝುವಾರಿನಗರ ಕಡೆ ಗುಡ್ಡದ ಇಳಿಜಾರಿನಲ್ಲಿ ಶೀಟ್ ಮನೆಯಲ್ಲಿರುವ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ನಮ್ಮವರಿಗೆ ಹೆಜ್ಜೆ 3ರ ಮೊದಲ ಪ್ಯಾರಾ ಓದಿ ಹೇಳಿ. ಟ್ರಾಲರ್ ಕೆಲಸದವರು ಬಂದರಿನಲ್ಲಿ ಏರಿಸುವ ಸಿಗ್ನಲ್ ನೋಡಿ, ನಂಬರ್ 1ರಿಂದ 11ರ ತನಕ ಇರ್ತದೆ, 8ರಿಂದ 10 ಅಂದ್ರೆ ಮಹಾ ಅಪಾಯ, 11 ಅಂದ್ರೆ ಹವಾಮಾನ ಕೇಂದ್ರದ ಸಂಪರ್ಕವೇ ಕಡಿದಿದೆ ಅಂತ. ಮೀನುಗಾರಿಕೆ ರಜೆ ಜೂನ್ 1ರಿಂದ, ಸೈಕ್ಲೋನ್ ಅಷ್ಟರ ತನಕ ಕಾಯುವುದಿಲ್ಲ.

ಪುಣೆಯವರಿಗೆ ಸಹ್ಯಾದ್ರಿ ಅಡ್ಡ ಉಂಟು ಅಂತ ನಂಬಿಕೆ, ನಿಸರ್ಗ ಅದನ್ನು ದಾಟಿ ಅದೇ ದಿನ ಅಲ್ಲಿಯೂ ಮರ ಉರುಳಿಸಿತು, ಮಾವಳ ಕಡೆ ಹೂವಿನ ಪಾಲಿಹೌಸ್‌ಗಳು ಹರಿದವು. ಊರಿಗೆ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿದವರು ಮುಂದೆ ಹಾಕಿ, ಕೊಂಕಣ್ ರೈಲ್ವೇಯ ಹಳಿ ಮೇಲೆ ಮರವೋ ಮಣ್ಣೋ ಬಿದ್ದರೆ ರತ್ನಾಗಿರಿಯಲ್ಲಿ ರಾತ್ರಿ ಕಳೀಬೇಕಾಗ್ತದೆ. ರಾತ್ರಿ ಬಸ್ಸಿನಲ್ಲಿ ಘಾಟ್ ಇಳಿಯುವುದೂ ಬೇಡ.

ಹೆಜ್ಜೆ 7: ಮರುದಿನ

ನೀರಿನಲ್ಲಿ ನಡೀಬೇಕಾದ್ರೆ ಕೋಲು ಹಿಡಿದು ಎದುರು ಕುತ್ತಿಕೊಂಡು ನಡೆಯಿರಿ, ಮ್ಯಾನ್‌ಹೋಲ್ ತೆರೆದಿರ್ತದೆ. ಬಿದ್ದ ತಂತಿ ಸತ್ತಿದೆ ಅಂತ ಯಾರು ಹೇಳಿದರೂ ನಂಬ್ಬೇಡಿ. ಕಾಲಿಗೆ ಗಾಯ ಇದ್ದು ಆ ನೀರಿನಲ್ಲಿ ನಡೆದಿದ್ದರೆ ಸೋಪು ಹಾಕಿ ತೊಳೆದು 72 ಗಂಟೆ ಒಳಗೆ ಡಾಕ್ಟರಿಗೆ ತೋರಿಸಿ, ಇಲಿ ಜ್ವರ ಬಾರದ ಹಾಗೆ ಡಾಕ್ಸಿಸೈಕ್ಲಿನ್ ಬೇಕಾ ಅಂತ ಅವರು ಹೇಳ್ತಾರೆ, ಮೆಡಿಕಲಿನಿಂದ ನೀವೇ ತಂದು ನುಂಗ್ಬೇಡಿ. ಆಮೇಲೆ ಜ್ವರ-ಮೈಕೈ ನೋವು ಬಂದರೆ ನೀರಲ್ಲಿ ನಡೆದ ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ. ನಲ್ಲಿ ನೀರು ಕುದಿಸಿ ಕುಡಿಯಿರಿ.

ನೀರು ಹೊಕ್ಕಿದ ಕಾರನ್ನು ಸ್ಟಾರ್ಟ್ ಮಾಡ್ಲೇಬೇಡಿ, ಇಂಜಿನ್ ಒಳಗೆ ನೀರು ಹೋಗಿ ಹಾಳಾದ್ರೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಕಷ್ಟ, ಟೋ ಮಾಡಿಸಿ. ಫ್ರಿಜ್ಜು, ಗ್ರೈಂಡರಿಗೂ ಅದೇ ಮಾತು, ಒಣಗಿಸಿ ಎಲೆಕ್ಟ್ರೀಷಿಯನ್ ನೋಡಿದ ಮೇಲೆ ಪ್ಲಗ್ ಹಾಕಿ. ಮನೆ-ಅಂಗಡಿಗೆ ನಷ್ಟ ಆಗಿದ್ದರೆ ಗುಡಿಸುವ ಮೊದಲು ಫೋಟೋ, ವಿಡಿಯೋ ತೆಗೆದು ಇನ್ಶೂರೆನ್ಸ್‌ನವರಿಗೆ ತಿಳಿಸಿ, ಸರಕಾರದ ಪರಿಹಾರಕ್ಕಾದ್ರೆ ಪಂಚನಾಮೆ ಆಗ್ಬೇಕು, ಅದರ ಒಂದು ಕಾಪಿ ಕೇಳಿ ತೆಗೆದುಕೊಳ್ಳಿ. ಬಾಡಿಗೆ ಮನೆಯವರು ಅಗ್ರಿಮೆಂಟಿನ ಜೆರಾಕ್ಸ್ ಜೊತೆಗೆ ಇಟ್ಟುಕೊಳ್ಳಿ, ಪಂಚನಾಮೆಗೆ ಬಂದವರು ಮೊದಲು ಕೇಳುವುದೇ ನೀವು ಇಲ್ಲಿ ಇದ್ದದ್ದಕ್ಕೆ ಕಾಗದ ಎಲ್ಲಿ ಅಂತ.